ಎಲೆಯ ಮೇಲೆ ನಿಲ್ಲದ ಹನಿ

ಕೋಸಿನ ತಾಕಿನಲ್ಲಿ ಸಿಂಪರಣೆ ಮುಗಿದ ಅರ್ಧ ಗಂಟೆಯ ನಂತರ ಸಾಲುಗಳ ನಡುವೆ ಕುಳಿತು ನೆಲವನ್ನು ಗಮನಿಸಿರಿ. ಗಿಡದ ಬುಡದ ಮಣ್ಣು ತೇವವಾಗಿರುತ್ತದೆ. ನೀರಿನಲ್ಲಿ ಕದಡುವ ಪುಡಿಯನ್ನು ಬಳಸಿದ್ದರೆ ಮಣ್ಣಿನ ಮೇಲೆ ಬಿಳಿಯ ಚುಕ್ಕೆಗಳು ಒಣಗಿ ನಿಂತಿರುತ್ತವೆ. ಎಲೆಯನ್ನು ನೋಡಿದರೆ ಅದು ಹೆಚ್ಚು ಕಡಿಮೆ ಒಣಗಿಯೇ ಇದೆ. ದಪ್ಪ ನರದ ಪಕ್ಕದ ಗುಳಿಯಲ್ಲಿ ನಾಲ್ಕಾರು ದೊಡ್ಡ ಹನಿಗಳು ಮುತ್ತಿನಂತೆ ಕುಳಿತಿವೆ. ಗಿಡವನ್ನು ಸ್ವಲ್ಪ ಅಲುಗಿಸಿದರೆ ಅವೂ ಉರುಳಿ ಬೀಳುತ್ತವೆ. ಮೂರು ದಿನ ಬಿಟ್ಟು ಬಂದರೆ ವಜ್ರ ಬೆನ್ನಿನ ಪತಂಗದ ಹುಳುಗಳು ಎಲೆಯಲ್ಲಿ ಮೊದಲಿನಂತೆಯೇ ತೂತು ಕೊರೆಯುತ್ತಿರುತ್ತವೆ.

ಹೀಗಾದಾಗ ರೈತರು ಸಾಮಾನ್ಯವಾಗಿ ಎರಡರಲ್ಲಿ ಒಂದು ತೀರ್ಮಾನಕ್ಕೆ ಬರುತ್ತಾರೆ. ಔಷಧಿ ಕಲಬೆರಕೆಯದು, ಇಲ್ಲವೇ ಪ್ರಮಾಣ ಸಾಲದು. ಮೊದಲನೆಯದಾದರೆ ಅಂಗಡಿಯವನೊಡನೆ ಜಗಳ, ಎರಡನೆಯದಾದರೆ ಮುಂದಿನ ವಾರ ಒಂದೂವರೆ ಪಟ್ಟು ಔಷಧಿ. ಈ ಎರಡೂ ಕೆಲವು ಸಲ ನಿಜವಿರಬಹುದು. ಆದರೆ ಮೂರನೆಯ ಕಾರಣವೊಂದಿದೆ, ಅದನ್ನು ಯಾರೂ ಹುಡುಕುವುದಿಲ್ಲ. ಔಷಧಿ ಎಲೆಗೆ ತಲುಪಿಯೇ ಇಲ್ಲ. ತಲುಪಿದ ಹನಿಯನ್ನು ಎಲೆ ಹಿಂದಕ್ಕೆ ಎಸೆದಿದೆ. ಹುಳು ಸಾಯಲಿಲ್ಲವೆಂದು ಪ್ರಮಾಣ ಹೆಚ್ಚಿಸುತ್ತ ಹೋದರೆ ನೆಲಕ್ಕೆ ಬೀಳುವ ವಿಷ ಹೆಚ್ಚುತ್ತದೆ, ಖರ್ಚು ಹೆಚ್ಚುತ್ತದೆ. ಜೊತೆಗೆ ಈ ಪತಂಗ ಔಷಧಿಗಳಿಗೆ ಒಗ್ಗಿಕೊಳ್ಳುವುದರಲ್ಲಿ ಹೆಸರಾದದ್ದು. 1950ರ ದಶಕದ ಆರಂಭದಲ್ಲಿಯೇ ಜಾವಾ ದ್ವೀಪದ ಕೋಸಿನ ತೋಟಗಳಲ್ಲಿ ಇದು ಡಿ.ಡಿ.ಟಿ.ಗೆ ಜಗ್ಗದಂತಾಗಿತ್ತು.

ಆದುದರಿಂದ ಹನಿಯು ಎಲೆಯ ಮೇಲೆ ಹೇಗೆ ಕೂರುತ್ತದೆ, ಹೇಗೆ ಉರುಳುತ್ತದೆ, ಹೇಗೆ ಪುಟಿಯುತ್ತದೆ ಎಂಬುದನ್ನು ರೈತರೂ ವಿಸ್ತರಣಾ ಕಾರ್ಯಕರ್ತರೂ ತಿಳಿದಿರುವುದು ಅವಶ್ಯಕ. ಇದು ಭೌತಶಾಸ್ತ್ರದ ವಿಷಯವೆಂದು ಹೆದರಬೇಕಾಗಿಲ್ಲ. ಬೇಕಾದ ಪ್ರಯೋಗಶಾಲೆ ಹಿತ್ತಲಲ್ಲಿಯೇ ಇದೆ.

ಎಲೆಯ ಮೈಯಲ್ಲಿ ಏನಿದೆ?

ಹಿತ್ತಲಿನಿಂದ ಒಂದು ಕೆಸುವಿನ ಎಲೆಯನ್ನು ತೊಟ್ಟು ಸಹಿತ ಕಿತ್ತು ತನ್ನಿ. ಎಲೆಯ ಮೈಗೆ ಬೆರಳು ತಾಗಿಸಬೇಡಿ. ಅದನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಓರೆಯಾಗಿ ನೋಡಿರಿ. ಹಸಿರು ಎಲೆ ಬೆಳ್ಳಿಯ ತಗಡಿನಂತೆ ಹೊಳೆಯುತ್ತದೆ. ಹೊರಗೆ ತೆಗೆದರೆ ಒಂದು ಹನಿಯೂ ಅಂಟಿರುವುದಿಲ್ಲ. ಆ ಬೆಳ್ಳಿಯ ಹೊಳಪು ಎಲೆಯದಲ್ಲ, ಎಲೆಗೂ ನೀರಿಗೂ ನಡುವೆ ಸಿಕ್ಕಿಕೊಂಡಿರುವ ಗಾಳಿಯ ತೆಳು ಪದರದ್ದು. ನೀರಿನಲ್ಲಿ ಮುಳುಗಿದಾಗಲೂ ಎಲೆಗೆ ನೀರು ಮುಟ್ಟಿರಲಿಲ್ಲವೆಂದು ಇದರಿಂದ ತಿಳಿಯುತ್ತದೆ.

ಈ ಗಾಳಿ ಹೇಗೆ ನಿಲ್ಲುತ್ತದೆ? ನೀರಿಗೆ ತನ್ನನ್ನು ತಾನೇ ಒಳಕ್ಕೆ ಎಳೆದುಕೊಳ್ಳುವ ಗುಣವಿದೆ. ಇದನ್ನು ಮೇಲ್ಮೈ ಎಳೆತ ಎನ್ನುತ್ತಾರೆ. ಹನಿಯ ಸುತ್ತ ಬಿಗಿದ ತೆಳು ರಬ್ಬರಿನ ಚೀಲವಿದ್ದಂತೆ ಎಂದು ತಿಳಿದರೆ ಸಾಕು. ಆ ಚೀಲ ಯಾವಾಗಲೂ ಕುಗ್ಗಲು ನೋಡುತ್ತಿರುತ್ತದೆ. ಗುಂಡನೆಯ ಆಕಾರಕ್ಕೆ ಎಲ್ಲಕ್ಕಿಂತ ಕಡಿಮೆ ಹೊರಮೈ ಇರುವುದರಿಂದ ಹನಿ ಗುಂಡಗಾಗುತ್ತದೆ. ಸ್ವಚ್ಛವಾದ ಗಾಜು ನೀರನ್ನು ತನ್ನತ್ತ ಎಳೆದು ಹನಿಯನ್ನು ಚಪ್ಪಟೆ ಮಾಡುತ್ತದೆ. ಮೇಣಕ್ಕೆ ಆ ಶಕ್ತಿಯಿಲ್ಲ. ಮೇಣದ ಮೇಲೆ ಹನಿ ಅರ್ಧಗೋಳಕ್ಕಿಂತ ಸ್ವಲ್ಪ ಹೆಚ್ಚು ಉಬ್ಬಿ ಕೂರುತ್ತದೆ.

ಆದರೆ ಬರಿಯ ಮೇಣದಿಂದಲೇ ಕೆಸುವಿನ ಎಲೆ ಕೆಸುವಿನ ಎಲೆಯಾಗುವುದಿಲ್ಲ. ಮೇಣದಬತ್ತಿಯ ನುಣುಪಾದ ಮೈ ಮೇಲೆ ಹನಿ ಉಬ್ಬಿ ಕೂರುತ್ತದೆಯೇ ಹೊರತು ಕೆಸುವಿನ ಮೇಲಿನಂತೆ ಓಡಾಡುವುದಿಲ್ಲ. ವ್ಯತ್ಯಾಸವಿರುವುದು ಒರಟುತನದಲ್ಲಿ. ಜರ್ಮನಿಯ ಸಸ್ಯವಿಜ್ಞಾನಿಗಳಾದ ಬಾರ್ತ್‌ಲಾಟ್ ಮತ್ತು ನೈನ್‌ಹೌಸ್ ಎಂಬುವರು ತಾವರೆ ಎಲೆಯನ್ನೂ ಇತರ ಅನೇಕ ಎಲೆಗಳನ್ನೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ 1997ರಲ್ಲಿ ಇದನ್ನು ವಿವರವಾಗಿ ಪ್ರಕಟಿಸಿದರು. ತಾವರೆ ಎಲೆಯ ಮೇಲೆ ಸೂಕ್ಷ್ಮವಾದ ಮೊಳೆಗಳಂತಹ ಉಬ್ಬುಗಳಿವೆ. ಪ್ರತಿ ಉಬ್ಬಿನ ಮೇಲೆ ಅದಕ್ಕಿಂತ ಬಹಳ ಚಿಕ್ಕದಾದ ಮೇಣದ ಕೊಳವೆಗಳು ಹುಲ್ಲಿನಂತೆ ನಿಂತಿವೆ. ಹನಿ ಬಂದು ಈ ಹುಲ್ಲಿನ ತುದಿಗಳ ಮೇಲೆ ಮಾತ್ರ ಕೂರುತ್ತದೆ. ಕೆಳಗೆಲ್ಲ ಗಾಳಿ. ಹಕ್ಕಲಿನ ಕೂಳೆಯ ಮೇಲೆ ಚಾಪೆ ಹಾಸಿದಂತೆ ಎನ್ನಬಹುದು, ಚಾಪೆಗೆ ನೆಲ ತಾಗುವುದಿಲ್ಲ. ಇಂತಹ ಮೈಯಲ್ಲಿ ಹನಿಯ ಸ್ಪರ್ಶ ಕೋನ 150 ಡಿಗ್ರಿಗಿಂತ ಹೆಚ್ಚು. ಅಂದರೆ ಅದು ಪೂರ್ತಿ ಗೋಲಿಯೇ ಆಗಿರುತ್ತದೆ. ಎಲೆ ಐದು ಡಿಗ್ರಿ ವಾಲಿದರೂ ಸಾಕು, ಗೋಲಿ ಉರುಳುತ್ತದೆ. ಉರುಳುವಾಗ ಧೂಳನ್ನೂ ಶಿಲೀಂಧ್ರದ ಬೀಜಕಣಗಳನ್ನೂ ಮೈಗಂಟಿಸಿಕೊಂಡು ಹೋಗುತ್ತದೆ. ಕೆಸರಿನಲ್ಲಿ ಹುಟ್ಟಿದ ತಾವರೆ ಎಲೆ ಶುಭ್ರವಾಗಿರುವ ಗುಟ್ಟು ಇದು.

ನಾವು ಬೆಳೆಯುವ ಬೆಳೆಗಳಲ್ಲಿ ಕೋಸು, ಹೂಕೋಸು, ಈರುಳ್ಳಿ, ಬೆಳ್ಳುಳ್ಳಿ, ಬಟಾಣಿ, ಭತ್ತ, ಗೋಧಿ ಇವೆಲ್ಲ ಈ ಜಾತಿಗೆ ಸೇರಿದವು. ಕೋಸಿನ ಎಲೆಯ ಬೂದು ಛಾಯೆ ಮೇಣದ ಹುಡಿಯದೇ. ಬೆರಳಿನಿಂದ ಒರೆಸಿದರೆ ಕೆಳಗಿನ ಕಡು ಹಸಿರು ಕಾಣುತ್ತದೆ. ಒರೆಸಿದ ಜಾಗದಲ್ಲಿ ಒಂದು ಹನಿ, ಪಕ್ಕದಲ್ಲಿ ಒರೆಸದ ಜಾಗದಲ್ಲಿ ಒಂದು ಹನಿ ಬಿಟ್ಟು ನೋಡಿರಿ. ಮೊದಲನೆಯದು ಹರಡುತ್ತದೆ, ಎರಡನೆಯದು ಓಡುತ್ತದೆ. ಹಳೆಯ ಎಲೆಗಳಲ್ಲಿ ಮಳೆ, ಗಾಳಿ, ಎಲೆಗೆ ಎಲೆ ತಿಕ್ಕುವುದರಿಂದ ಮೇಣ ಸವೆದಿರುತ್ತದೆ. ಹೀಗಾಗಿ ಒಂದೇ ಗಿಡದಲ್ಲಿ ಹಳೆಯ ಎಲೆಗೆ ಔಷಧಿ ಅಂಟಿ, ಹುಳುವಿಗೆ ಪ್ರಿಯವಾದ ಎಳೆಯ ಎಲೆಗೆ ಅಂಟದೆ ಹೋಗುವುದು ಸಾಮಾನ್ಯ.

ಭತ್ತದ ಎಲೆಯಲ್ಲಿ ಇನ್ನೊಂದು ವಿಶೇಷವಿದೆ. ಅದರ ಉಬ್ಬುಗಳು ಎಲೆಯ ಉದ್ದಕ್ಕೆ ಸಾಲಾಗಿ, ನೇಗಿಲ ಸಾಲಿನಂತೆ ಇವೆ. ಆದುದರಿಂದ ಹನಿ ಎಲೆಯ ಉದ್ದಕ್ಕೆ ಸಲೀಸಾಗಿ ಜಾರುತ್ತದೆ, ಅಡ್ಡಕ್ಕೆ ಅಷ್ಟು ಸುಲಭವಾಗಿ ಜಾರುವುದಿಲ್ಲ. ನೆಟ್ಟಗೆ ನಿಂತ ಎಲೆಯಲ್ಲಿ ಹನಿ ಹೀಗೆ ಸೀದಾ ಬುಡಕ್ಕೆ ಇಳಿಯುತ್ತದೆ.

ಹನಿ ಪುಟಿಯುವ ಬಗೆ

ಮೇಲೆ ಹೇಳಿದ್ದು ಸುಮ್ಮನೆ ಕೂತ ಹನಿಯ ಮಾತು. ಸಿಂಪರಣೆಯ ಹನಿ ವೇಗದಿಂದ ಬಂದು ಅಪ್ಪಳಿಸುತ್ತದೆ. ಅಪ್ಪಳಿಸಿದ ಹನಿ ಮೊದಲು ರೊಟ್ಟಿಯಂತೆ ಚಪ್ಪಟೆಯಾಗಿ ಹರಡುತ್ತದೆ. ಆಗ ರಬ್ಬರಿನ ಚೀಲ ಹಿಗ್ಗಿದಂತಾಗುತ್ತದೆ. ಮರುಕ್ಷಣ ಚೀಲ ಕುಗ್ಗಿ, ಹನಿ ಮತ್ತೆ ಗುಂಡಗಾಗಿ, ಕುಗ್ಗಿದ ರಭಸಕ್ಕೆ ಚೆಂಡಿನಂತೆ ಮೇಲಕ್ಕೆ ಚಿಮ್ಮುತ್ತದೆ. ಎಲೆ ಅದನ್ನು ಹಿಡಿದುಕೊಳ್ಳುವಂತಿದ್ದರೆ ಆ ಹಿಡಿತದಲ್ಲಿಯೇ ಶಕ್ತಿ ಕರಗಿ ಹನಿ ಕೂರುತ್ತಿತ್ತು. ಗಾಳಿಯ ಮೆತ್ತೆಯ ಮೇಲೆ ಹಿಡಿತವೆಲ್ಲಿಯದು?

ಫ್ರಾನ್ಸಿನ ವಿಜ್ಞಾನಿಗಳು ಇಂತಹ ಮೈಗಳ ಮೇಲೆ ಪುಟಿಯುವ ಹನಿ ಎಷ್ಟು ಹೊತ್ತು ತಾಗಿರುತ್ತದೆಂದು ವೇಗದ ಕ್ಯಾಮೆರಾದಿಂದ ಅಳೆದು 2002ರಲ್ಲಿ ಪ್ರಕಟಿಸಿದರು. ಎರಡು ಮಿಲಿಮೀಟರ್ ವ್ಯಾಸದ ಹನಿ ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತು ಮಾತ್ರ ತಾಗಿರುತ್ತದೆ. ಹನಿ ಮೆಲ್ಲಗೆ ಬಿದ್ದರೂ ಜೋರಾಗಿ ಬಿದ್ದರೂ ಈ ಹೊತ್ತು ಹೆಚ್ಚು ಕಡಿಮೆ ಅಷ್ಟೇ. ಹನಿ ಸಣ್ಣದಾದಷ್ಟೂ ಅದು ಇನ್ನೂ ಕಡಿಮೆಯಾಗುತ್ತದೆ. ಸಿಂಪರಣೆಯ 200 ಮೈಕ್ರಾನಿನ ಹನಿಗೆ ಲೆಕ್ಕ ಹಾಕಿದರೆ ಅದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಒಂದು ಮಿಲಿಮೀಟರಿಗೆ ಸಾವಿರ ಮೈಕ್ರಾನ್ ಎಂಬುದನ್ನು ನೆನಪಿಡಿ. ಇಷ್ಟು ಅಲ್ಪ ಸಮಯದಲ್ಲಿ ನಮ್ಮ ಔಷಧಿ ಎಲೆಗೆ ಅಂಟಿಕೊಳ್ಳಬೇಕು, ಇಲ್ಲವಾದರೆ ಅವಕಾಶ ತಪ್ಪಿತು.

ಅಂದ ಮೇಲೆ ಸಣ್ಣ ಹನಿ ಒಳ್ಳೆಯದೇ, ದೊಡ್ಡದೇ? ಬಟಾಣಿ ಎಲೆಯ ಮೇಲೆ ಬ್ರನ್‌ಸ್ಕಿಲ್ ಎಂಬುವರು 1956ರಷ್ಟು ಹಿಂದೆಯೇ ನಡೆಸಿದ ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ಸುಮಾರು 250 ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ನೀರಿನ ಹನಿಗಳು ಪುಟಿದು ಹೋದವು, 100 ಮೈಕ್ರಾನಿಗಿಂತ ಸಣ್ಣ ಹನಿಗಳು ನಿಂತವು. ಸಣ್ಣ ಹನಿಗೆ ಬೀಳುವ ರಭಸ ಕಡಿಮೆ, ಪುಟಿಯುವಷ್ಟು ಶಕ್ತಿ ಅದರಲ್ಲಿ ಇರುವುದಿಲ್ಲ. ಲೆಕ್ಕದ ದೃಷ್ಟಿಯಿಂದಲೂ ಸಣ್ಣ ಹನಿಯೇ ಲಾಭ. 400 ಮೈಕ್ರಾನಿನ ಒಂದೇ ಹನಿಯನ್ನು ಒಡೆದರೆ 200 ಮೈಕ್ರಾನಿನ 8 ಹನಿ, 100 ಮೈಕ್ರಾನಿನ 64 ಹನಿ ಆಗುತ್ತವೆ.

ಆದರೆ ಇದರ ಇನ್ನೊಂದು ಮುಖವನ್ನು ಮರೆಯಬಾರದು. 100 ಮೈಕ್ರಾನಿನ ಹನಿ ನಿಶ್ಚಲ ಗಾಳಿಯಲ್ಲಿ ಮೂರು ಮೀಟರ್ ಇಳಿಯಲು ಸುಮಾರು 11 ಸೆಕೆಂಡು ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಗಂಟೆಗೆ 5 ಕಿಲೋಮೀಟರಿನ ಮಂದ ಗಾಳಿಯೂ ಅದನ್ನು 15 ಮೀಟರ್ ದೂರಕ್ಕೆ, ಅಂದರೆ ಪಕ್ಕದವರ ಹೊಲಕ್ಕೆ ಒಯ್ಯುತ್ತದೆ. ಬಿಸಿಲಿನಲ್ಲಿ ಅದು ದಾರಿಯಲ್ಲಿಯೇ ಆರಿಹೋಗುವುದೂ ಉಂಟು. ಆದುದರಿಂದ ಹನಿಯನ್ನು ಮಂಜಿನಂತೆ ಮಾಡಿ ಸಮಸ್ಯೆ ಬಗೆಹರಿಸುವುದು ಬೆನ್ನಿನ ಸ್ಪ್ರೇಯರಿನಲ್ಲಿ ಸಾಧ್ಯವೂ ಅಲ್ಲ, ಕ್ಷೇಮವೂ ಅಲ್ಲ. ಮಧ್ಯಮ ಗಾತ್ರದ ಹನಿಯನ್ನೇ ಇಟ್ಟುಕೊಂಡು ಅದರ ಪುಟಿತವನ್ನು ಇಳಿಸಬೇಕು.

ಒಂದು ಸಣ್ಣ ಮಾತು. ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿದಾಗ ಹನಿ ಕುಣಿಯುವುದನ್ನು ಕಂಡವರು ಅದೂ ಇದೂ ಒಂದೇ ಎಂದು ತಿಳಿಯಬಹುದು. ಅಲ್ಲಿ ಹನಿಯ ಕೆಳಗಿನ ನೀರು ಆವಿಯಾಗಿ ಆವಿಯೇ ಮೆತ್ತೆಯಾಗುತ್ತದೆ. ಕಾವಲಿ ಆರಿದರೆ ಆಟ ಮುಗಿಯಿತು. ಎಲೆಯಲ್ಲಿ ಮೆತ್ತೆ ಯಾವಾಗಲೂ ಸಿದ್ಧವಾಗಿರುತ್ತದೆ.

ಬೀಳದೆಯೇ ನೆಗೆಯುವ ಹನಿ

ಇಲ್ಲಿಯವರೆಗೆ ಮೇಲಿನಿಂದ ಬಿದ್ದ ಹನಿಯನ್ನು ನೋಡಿದೆವು. ಎಲೆಯ ಮೇಲೆಯೇ ಹುಟ್ಟಿ, ಯಾರೂ ತಳ್ಳದೆ ತಾನಾಗಿ ನೆಗೆಯುವ ಹನಿಯೂ ಇದೆ. ಅದು ಇಬ್ಬನಿಯ ಹನಿ. ಇದು ಗೋಧಿ ಬೆಳೆಯುವವರಿಗೆ ನೇರವಾಗಿ ಸಂಬಂಧಿಸಿದ ಸಂಗತಿ.

ಅಕ್ಕಪಕ್ಕದಲ್ಲಿ ಬೆಳೆಯುತ್ತಿರುವ ಎರಡು ಸೂಕ್ಷ್ಮ ಇಬ್ಬನಿ ಹನಿಗಳು ಒಂದಕ್ಕೊಂದು ತಾಗಿ ಕೂಡಿಕೊಂಡವೆಂದು ಇಟ್ಟುಕೊಳ್ಳಿ. ಎರಡು ಸಮ ಹನಿಗಳ ಒಟ್ಟು ಹೊರಮೈಗಿಂತ ಅವು ಕೂಡಿ ಆದ ಒಂದು ಹನಿಯ ಹೊರಮೈ ನೂರಕ್ಕೆ 20 ಭಾಗದಷ್ಟು ಕಡಿಮೆ. ಹೊರಮೈ ಕಡಿಮೆಯಾದಾಗ ಚೀಲದ ಬಿಗಿತದಲ್ಲಿದ್ದ ಶಕ್ತಿ ಬಿಡುಗಡೆಯಾಗುತ್ತದೆ. ಕೂಡಿದ ಹನಿ ಒಮ್ಮೆ ಉದ್ದುದ್ದವಾಗಿ ಅದುರಿ ಕೆಳಗಿನ ಎಲೆಯನ್ನು ಒತ್ತುತ್ತದೆ. ಎಲೆ ಹಿಡಿದುಕೊಳ್ಳದಿದ್ದರೆ ಹನಿ ಮೇಲಕ್ಕೆ ನೆಗೆಯುತ್ತದೆ. ಬಿಡುಗಡೆಯಾದ ಶಕ್ತಿಯಲ್ಲಿ ಬಹಳ ಅಲ್ಪ ಭಾಗ ಮಾತ್ರ ನೆಗೆತಕ್ಕೆ ಒದಗುತ್ತದೆ, ಆದರೆ ಧೂಳಿನ ಕಣದಷ್ಟು ಹಗುರವಾದ ಹನಿಗೆ ಅಷ್ಟು ಸಾಕು. ದೊಡ್ಡ ಹನಿಗೆ ಭಾರ ಹೆಚ್ಚು, ಅದು ನೆಗೆಯಲಾರದೆ ಉರುಳುವುದಷ್ಟೇ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ ಬೊರೆಯ್ಕೊ ಮತ್ತು ಚೆನ್ ಎಂಬುವರು ನೀರಂಟದ ಕೃತಕ ಮೈಯ ಮೇಲೆ ಇದನ್ನು ಗುರುತಿಸಿ 2009ರಲ್ಲಿ ವಿವರಿಸಿದರು. ಜೀರುಂಡೆಯ ರೆಕ್ಕೆ ಮಳೆಯಿಲ್ಲದಾಗಲೂ ಇಂತಹ ನೆಗೆತದಿಂದಲೇ ಶುಚಿಯಾಗುತ್ತದೆಂದು ಆ ಮೇಲೆ 2013ರಲ್ಲಿ ತಿಳಿದುಬಂದಿತು. ಅಣಬೆಗಳು ಇದೇ ಉಪಾಯವನ್ನು ಎಷ್ಟೋ ಹಿಂದಿನಿಂದ ಬಳಸುತ್ತಿವೆ. ಅಣಬೆಯ ಬೀಜಕಣದ ಬುಡದಲ್ಲಿ ಒಂದು ಸಣ್ಣ ನೀರ ಹನಿ ಬೆಳೆದು, ಕಣದ ಮೈಮೇಲಿನ ನೀರಿನೊಡನೆ ಥಟ್ಟನೆ ಕೂಡಿಕೊಂಡಾಗ ಆ ಎಳೆತಕ್ಕೆ ಕಣ ಸಿಡಿಯುತ್ತದೆ.

ಈಗ ಗೋಧಿಯ ಮಾತಿಗೆ ಬರೋಣ. ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆ ಗೋಧಿ ಹಿಂಗಾರಿ ಬೆಳೆ. ಆ ದಿನಗಳಲ್ಲಿ ಮಳೆ ಅಪರೂಪ. ಆದರೂ ಎಲೆ ಭಂಡಾರ ರೋಗ ಒಂದು ಮೂಲೆಯಲ್ಲಿ ಕಾಣಿಸಿಕೊಂಡು ಹರಡುತ್ತದೆ. ಮೂಲ ಬೀಜಕಣ ಎಲ್ಲಿಂದ ಬರುತ್ತದೆಂಬುದು ಹಳೆಯ ವಿಷಯ. ಬಯಲಿನ ಬೇಸಗೆಯಲ್ಲಿ ಭಂಡಾರದ ಕಣಗಳು ಬದುಕಲಾರವು, ಬೆಟ್ಟಗಳ ತಂಪಿನಲ್ಲಿ ಗೋಧಿಯ ಮೇಲೆ ಉಳಿದುಕೊಂಡು ಗಾಳಿಯಲ್ಲಿ ಬರುತ್ತವೆ ಎಂದು ಆಗ್ರಾದ ಪ್ರಾಧ್ಯಾಪಕ ಕೆ. ಸಿ. ಮೆಹತಾ ಅವರು ದೀರ್ಘಕಾಲದ ಅಧ್ಯಯನದಿಂದ ತೋರಿಸಿ 1940ರಲ್ಲಿ ಪ್ರಕಟಿಸಿದರು. ದಕ್ಷಿಣಕ್ಕೆ ಈ ತವರು ನೀಲಗಿರಿ ಮತ್ತು ಪಳನಿ ಬೆಟ್ಟಗಳು. ಗಾಳಿ ಒಯ್ಯುತ್ತದೆ ಎಂಬುದು ಸರಿ. ಆದರೆ ಎಲೆಯ ಮೈಗೆ ಒತ್ತಿಕೊಂಡಂತೆ ಗಾಳಿ ಬಹುಮಟ್ಟಿಗೆ ಅಲುಗಾಡದ ಒಂದು ತೆಳು ಪದರವಿರುತ್ತದೆ. ಆ ಪದರದೊಳಗೆ ಕುಳಿತ ಕಣವನ್ನು ಮೇಲಿನ ಗಾಳಿಗೆ ಎತ್ತಿ ಕೊಡುವವರು ಯಾರು?

ಅಮೆರಿಕದ ವರ್ಜೀನಿಯಾ ಟೆಕ್ ಸಂಸ್ಥೆಯ ತಂಡವೊಂದು ಭಂಡಾರ ತಗುಲಿದ ಗೋಧಿ ಎಲೆಗಳನ್ನು ತಂಪು ಮಾಡಿ, ಅವುಗಳ ಮೇಲೆ ಇಬ್ಬನಿ ಕಟ್ಟುವಂತೆ ಮಾಡಿ ಚಿತ್ರ ತೆಗೆಯಿತು. ಹನಿಗಳು ಜೋಡಿಜೋಡಿಯಾಗಿ ಕೂಡಿ ನೆಗೆದವು, ನೆಗೆದ ಹನಿಗಳಲ್ಲಿ ಬೀಜಕಣಗಳಿದ್ದವು. 2019ರಲ್ಲಿ ಪ್ರಕಟವಾದ ಈ ವರದಿಯಂತೆ ಕಣಗಳು 5 ಮಿಲಿಮೀಟರ್ ಎತ್ತರದವರೆಗೂ ಏರಿ ನಿಶ್ಚಲ ಪದರವನ್ನು ದಾಟಿದವು. ಐದು ಮಿಲಿಮೀಟರ್ ಎಂದರೆ ನಮಗೆ ಏನೂ ಅಲ್ಲ. ಭಂಡಾರದ ಕಣಕ್ಕೆ ಅದು ಮನೆಯ ಹೊಸ್ತಿಲು. ಅಲ್ಲಿಂದಾಚೆಗೆ ಗಾಳಿಯೇ ಒಯ್ಯುತ್ತದೆ. ಅದೇ ವರ್ಷ ಮಳೆಹನಿಯ ವಿಷಯವೂ ತಿಳಿಯಿತು. ಮಳೆಹನಿ ಗೋಧಿ ಎಲೆಗೆ ಅಪ್ಪಳಿಸಿದಾಗ ಅದರ ಸುತ್ತ ಗಾಳಿಯ ಸಣ್ಣ ಸುಳಿಯೊಂದು ಬಳೆಯಂತೆ ಎದ್ದು ಒಣ ಕಣಗಳನ್ನು ಮೇಲಕ್ಕೆ ಎರಚುತ್ತದೆ.

ತಾವರೆಯಲ್ಲಿ ಎಲೆಯನ್ನು ತೊಳೆಯುವ ಗುಣವೇ ಗೋಧಿಯಲ್ಲಿ ರೋಗವನ್ನು ಸಾಗಿಸಲು ಒದಗಿದೆ. ಒಂದು ಎಲೆಗೆ ಶುಚಿಯಾದದ್ದು ಪಕ್ಕದ ಎಲೆಗೆ ಸೋಂಕು. ಇಬ್ಬನಿಯನ್ನು ತಡೆಯಲು ರೈತನಿಂದ ಆಗದು ನಿಜ. ಆದರೆ ಇಬ್ಬನಿ ಎರಡು ಕೆಲಸ ಮಾಡುತ್ತದೆಂದು ತಿಳಿದಿದ್ದರೆ ಕಾವಲು ಯಾವಾಗ ಬೇಕೆಂದು ಗೊತ್ತಾಗುತ್ತದೆ. ಕಣವನ್ನು ಎಬ್ಬಿಸುವುದೂ ಇಬ್ಬನಿ, ಇಳಿದ ಕಣ ಮೊಳೆಯಲು ಬೇಕಾದ ತೇವವನ್ನು ಕೊಡುವುದೂ ಇಬ್ಬನಿ. ಸತತವಾಗಿ ನಾಲ್ಕೈದು ದಿನ ದಟ್ಟ ಇಬ್ಬನಿ ಬಿದ್ದರೆ, ಮಳೆ ಬಂದಿಲ್ಲವೆಂದು ಸುಮ್ಮನಿರದೆ, ಹೊಲದೊಳಗೆ ಇಳಿದು ಕೆಳಗಿನ ಎಲೆಗಳನ್ನು ಪರೀಕ್ಷಿಸಬೇಕು. ರೋಗ ನಿರೋಧಕ ತಳಿ ಮತ್ತು ಸಕಾಲದ ಬಿತ್ತನೆಯೇ ಮೊದಲ ಉಪಾಯ. ಈ ರೋಗವನ್ನು ಚೆನ್ನಾಗಿ ತಡೆಯುವ ಸದಕ ಗೋಧಿಯ ತಳಿಗಳು ಧಾರವಾಡದಲ್ಲಿಯೇ ಅಭಿವೃದ್ಧಿಯಾಗಿವೆ. ರೋಗ ಕಾಣಿಸಿಕೊಂಡ ಕೂಡಲೇ ಪ್ರೊಪಿಕೊನಜೋಲ್ 25 ಇ.ಸಿ. ಔಷಧಿಯನ್ನು ಲೀಟರ್ ನೀರಿಗೆ 1 ಮಿ.ಲೀ. ಪ್ರಮಾಣದಲ್ಲಿ ಸಿಂಪಡಿಸುವುದು ರೂಢಿಯಲ್ಲಿದೆ. ಗೋಧಿ ಎಲೆಯೂ ಹನಿಯನ್ನು ಎಸೆಯುವ ಎಲೆಯೇ ಆದುದರಿಂದ ಕೋಸಿಗೆ ಬೇಕಾದ ಎಚ್ಚರಿಕೆ ಇಲ್ಲಿಯೂ ಬೇಕು.

ಹನಿಯನ್ನು ನಿಲ್ಲಿಸುವುದು ಹೇಗೆ?

ನೀರಿನ ಮೇಲ್ಮೈ ಎಳೆತವನ್ನು ಇಳಿಸುವ ವಸ್ತುಗಳಿಗೆ ತೇವಕಾರಕಗಳು ಎನ್ನುತ್ತಾರೆ. ಶುದ್ಧ ನೀರಿನ ಎಳೆತ 72 ಅಂಶ ಎಂದು ತೆಗೆದುಕೊಂಡರೆ ಸಾಮಾನ್ಯ ತೇವಕಾರಕ ಅದನ್ನು 30ರ ಆಸುಪಾಸಿಗೆ ಇಳಿಸುತ್ತದೆ. ಸಿಲಿಕೋನ್ ಜಾತಿಯವು ಸುಮಾರು 20ರವರೆಗೂ ಇಳಿಸುತ್ತವೆ. ಆಗ ಹನಿ ಮೇಣದ ಹುಲ್ಲಿನೊಳಕ್ಕೆ ಇಳಿಯುತ್ತದೆ, ಗಾಳಿ ಹೊರಬೀಳುತ್ತದೆ, ಎಲೆಗೆ ಹಿಡಿತ ಸಿಗುತ್ತದೆ.

ಇಲ್ಲಿ ರೈತರಲ್ಲಿಯೂ ಅಂಗಡಿಗಳಲ್ಲಿಯೂ ಒಂದು ಗೊಂದಲವಿದೆ. ಹರಡಿಸುವುದು ಬೇರೆ, ಅಂಟಿಸುವುದು ಬೇರೆ. ತೇವಕಾರಕ ಹನಿಯನ್ನು ಹರಡುತ್ತದೆ. ಅಂಟುಕಾರಕ ಒಣಗಿದ ಔಷಧಿಯನ್ನು ಮಳೆಗೆ ತೊಳೆದು ಹೋಗದಂತೆ ಹಿಡಿದಿಡುತ್ತದೆ. ಕೆಲವು ಸರಕುಗಳಲ್ಲಿ ಎರಡೂ ಗುಣಗಳಿರುತ್ತವೆ, ಕೆಲವರಲ್ಲಿ ಒಂದೇ. ಬೆಲ್ಲದ ನೀರನ್ನು ಬೆರೆಸುವ ರೂಢಿ ಕೆಲವು ಕಡೆ ಇದೆ. ಬೆಲ್ಲ ಒಣಗಿದ ಮೇಲೆ ಅಂಟಾಗಬಹುದು, ಆದರೆ ಅದು ನೀರಿನ ಎಳೆತವನ್ನು ಇಳಿಸುವುದಿಲ್ಲ. ಎಲೆಯಿಂದ ಪುಟಿದು ನೆಲಕ್ಕೆ ಬಿದ್ದ ಹನಿಯಲ್ಲಿ ಎಷ್ಟು ಬೆಲ್ಲವಿದ್ದರೇನು?

ಮಲೆನಾಡಿನ ಅಡಿಕೆ ಬೆಳೆಗಾರರು ಅಂಟುಕಾರಕದ ಬೆಲೆಯನ್ನು ಮೊದಲೇ ಬಲ್ಲರು. ಕೊಳೆರೋಗಕ್ಕೆ ಹಿಂದೆ ಗೊನೆಗಳಿಗೆ ಕೊಟ್ಟೆ ಕಟ್ಟುವುದೊಂದೇ ಉಪಾಯವಾಗಿತ್ತು. ಮೈಸೂರು ಸಂಸ್ಥಾನದ ಸೇವೆಗೆ 1908ರಲ್ಲಿ ಬಂದ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣದ ಸಿಂಪರಣೆಯನ್ನು ಬಳಕೆಗೆ ತಂದರು. ನುಣುಪಾದ ಕಾಯಿ, ಮುಂಗಾರಿನ ಎಡೆಬಿಡದ ಮಳೆ, ಇವೆರಡರ ನಡುವೆ ದ್ರಾವಣ ನಿಲ್ಲಬೇಕಾಗಿತ್ತು. ಅದಕ್ಕಾಗಿ ರಾಳವನ್ನು ಸೋಡಾದೊಡನೆ ಕುದಿಸಿ ಮಾಡಿದ ಅಂಟನ್ನು ಸೇರಿಸುವ ಪದ್ಧತಿ ಬಂದಿತು. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂಬ ಲೆಕ್ಕ ಇಂದಿಗೂ ಅದೇ. ಈ ದ್ರಾವಣಕ್ಕೆ ಬಟ್ಟೆ ಸಾಬೂನನ್ನು ಮಾತ್ರ ಬೆರೆಸಬಾರದು. ಸಾಬೂನು ಸುಣ್ಣದೊಡನೆ ಸೇರಿ ಮೊಸರಿನಂತೆ ಒಡೆಯುತ್ತದೆ.

ಕೊಳವೆ ಬಾವಿಯ ಗಡಸು ನೀರಿನಲ್ಲಿಯೂ ಸಾಬೂನಿನ ಗತಿ ಇದೇ. ನೊರೆ ಬರದೆ ಕೆನೆ ಕಟ್ಟಿದರೆ ಆ ಸಾಬೂನು ಕೆಲಸಕ್ಕೆ ಬಾರದು, ಜೊತೆಗೆ ಮೂತಿ ಕಟ್ಟುತ್ತದೆ. ಬೇವಿನ ಬೀಜದ ಕಷಾಯಕ್ಕೆ ಸಾಬೂನು ಬೆರೆಸುವವರು ಮೆದು ನೀರನ್ನು ಆರಿಸಿಕೊಳ್ಳಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೇವಿನ ಮತ್ತು ಹೊಂಗೆಯ ಸಾಬೂನುಗಳನ್ನು ತಯಾರಿಸಿದ್ದಾರೆ. ಅವು ಕೋಸಿನ ಎಲೆಗೆ ಒಪ್ಪುವುದಕ್ಕೆ ಒಂದು ಕಾರಣ ಇಲ್ಲಿಯೇ ಇದೆ, ಕೊಲ್ಲುವ ವಸ್ತುವೂ ಹರಡಿಸುವ ವಸ್ತುವೂ ಒಂದರಲ್ಲಿಯೇ ಸೇರಿವೆ. ಕೋಸಿನ ಪ್ರತಿ 25 ಸಾಲಿಗೆ ಎರಡು ಸಾಲು ಸಾಸಿವೆ ಬಿತ್ತಿ ಪತಂಗವನ್ನು ಅತ್ತ ಸೆಳೆಯುವ ಉಪಾಯವನ್ನೂ ಅದೇ ಸಂಸ್ಥೆಯವರು ಹೇಳಿದ್ದಾರೆ.

ಪೇಟೆಯಲ್ಲಿ ಸಿಗುವ ಸಾಮಾನ್ಯ ತೇವಕಾರಕವನ್ನು ಲೀಟರಿಗೆ ಅರ್ಧ ಮಿ.ಲೀ. ಹಾಕುವುದು ಬಳಕೆಯಲ್ಲಿದೆ, ಅಂದರೆ 15 ಲೀಟರಿನ ಡಬ್ಬಿಗೆ 7ರಿಂದ 8 ಮಿ.ಲೀ. ಸರಕಿನಿಂದ ಸರಕಿಗೆ ಇದು ಬದಲಾಗುವುದರಿಂದ ಚೀಟಿಯನ್ನು ಓದಿ ಅಳೆದೇ ಹಾಕಬೇಕು. ಹೆಚ್ಚು ಹಾಕಿದರೆ ಹೆಚ್ಚು ಒಳ್ಳೆಯದೆಂಬ ಭಾವನೆ ತಪ್ಪು. ಎಳೆತ ಮಿತಿಮೀರಿ ಇಳಿದರೆ ದ್ರಾವಣ ತೆಳು ಪೊರೆಯಾಗಿ ಹರಿದು ಅಂಚಿನಿಂದ ಸೋರಿಹೋಗುತ್ತದೆ. ಪುಟಿದು ಹೋಗುವ ಬದಲು ಹರಿದು ಹೋಯಿತು, ಅಷ್ಟೇ. ಅದೂ ಅಲ್ಲದೆ ಮೇಣ ಗಿಡದ ರಕ್ಷಾ ಕವಚ. ಸಾಬೂನಿನಿಂದ ಅದನ್ನು ಮತ್ತೆ ಮತ್ತೆ ಕರಗಿಸಿದರೆ ಎಲೆ ಸುಡುತ್ತದೆ, ರೋಗಕ್ಕೆ ದಾರಿಯಾಗುತ್ತದೆ. ಉರಿಬಿಸಿಲಿನಲ್ಲಿ ಸಿಂಪಡಿಸಿದರೆ ಈ ಸುಡುವಿಕೆ ಇನ್ನೂ ಹೆಚ್ಚು.

ಇ.ಸಿ. ರೂಪದ ಔಷಧಿಗಳಲ್ಲಿ ಎಣ್ಣೆಯನ್ನು ನೀರಿನಲ್ಲಿ ಬೆರೆಸುವ ವಸ್ತು ಇದ್ದೇ ಇರುತ್ತದೆ. ಅದು ಎಳೆತವನ್ನು ಸ್ವಲ್ಪ ಇಳಿಸುತ್ತದೆ. ಕದಡುವ ಪುಡಿಗಳಲ್ಲಿ ಈ ಸಹಾಯ ಕಡಿಮೆ. ಹಾಗಾದರೆ ನಮ್ಮ ಔಷಧಿಗೆ ತೇವಕಾರಕ ಬೇಕೋ ಬೇಡವೋ ಎಂದು ತಿಳಿಯುವ ಬಗೆ ಯಾವುದು? ಯಾರನ್ನೂ ಕೇಳಬೇಕಾಗಿಲ್ಲ. ಒಂದು ಎಳೆಯ ಎಲೆಯನ್ನು ಅಂಚಿನಲ್ಲಿ ಮಾತ್ರ ಹಿಡಿದು ಕಿತ್ತು ಹಲಗೆಗೆ ಗುಂಡುಸೂಜಿಯಿಂದ ಚುಚ್ಚಿರಿ. ಹಲಗೆಯನ್ನು ಅರ್ಧ ಲಂಬವಾಗಿ ಓರೆ ನಿಲ್ಲಿಸಿರಿ. ಕಣ್ಣಿಗೆ ಔಷಧಿ ಹಾಕುವ ಪಿಚಕಾರಿಯಿಂದ ಒಂದು ಅಡಿ ಎತ್ತರದಿಂದ ಮೊದಲು ಬರಿಯ ನೀರು, ಆ ಮೇಲೆ ಡಬ್ಬಿಯಲ್ಲಿ ಕಲಸಿದ ದ್ರಾವಣ, ಕೊನೆಗೆ ಅದೇ ದ್ರಾವಣಕ್ಕೆ ತೇವಕಾರಕ ಸೇರಿಸಿದ್ದು, ಹೀಗೆ ಹತ್ತತ್ತು ಹನಿ ಬೇರೆ ಬೇರೆ ಜಾಗದಲ್ಲಿ ಬೀಳಿಸಿರಿ. ಎಷ್ಟು ಹನಿಗಳು ಗುರುತು ಬಿಟ್ಟು ನಿಂತವು, ಎಷ್ಟು ಓಡಿದವು ಎಂದು ಎಣಿಸಿರಿ. ಪಿಚಕಾರಿಯ ಹನಿ ಸಿಂಪರಣೆಯ ಹನಿಗಿಂತ ದೊಡ್ಡದು, ಪರೀಕ್ಷೆ ಸ್ವಲ್ಪ ಕಠಿಣವೇ. ಆದರೂ ಎರಡು ದ್ರಾವಣಗಳ ನಡುವಿನ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. ಚೆನ್ನಾಗಿ ಕಾಣಲೆಂದು ಶಾಯಿ ಬೆರೆಸಬೇಡಿ, ಶಾಯಿಯಲ್ಲಿಯೂ ತೇವಕಾರಕ ಇರುವುದುಂಟು. ಕೈಗವಸು ಹಾಕಿಕೊಂಡೇ ಮಾಡಿರಿ. ಕ್ಷೇತ್ರೋತ್ಸವಗಳಲ್ಲಿ ಕಾರ್ಯಕರ್ತರು ಬರಿಯ ನೀರು ಮತ್ತು ತೇವಕಾರಕದ ನೀರಿನಿಂದಲೇ ಇದನ್ನು ತೋರಿಸಬಹುದು. ಭಾಷಣಕ್ಕಿಂತ ಇದನ್ನು ಜನ ಹೆಚ್ಚು ನಂಬುತ್ತಾರೆ.

ಪುಟಿತವನ್ನು ಇಳಿಸಲು ಇನ್ನೊಂದು ದಾರಿಯೂ ಇದೆ. ನೀರಿನಲ್ಲಿ ಉದ್ದ ಎಳೆಯ ಅಣುಗಳಿರುವ ಪಾಲಿಮರ್ ವಸ್ತುವನ್ನು ಅತ್ಯಲ್ಪ ಪ್ರಮಾಣದಲ್ಲಿ ಕರಗಿಸಿದರೆ ಚಪ್ಪಟೆಯಾದ ಹನಿ ಕುಗ್ಗುವುದು ನಿಧಾನವಾಗಿ, ಚಿಮ್ಮುವ ಶಕ್ತಿ ಉಳಿಯುವುದಿಲ್ಲವೆಂದು 2000ದಲ್ಲಿ ಫ್ರಾನ್ಸಿನಲ್ಲಿ ತೋರಿಸಿದರು. ಹನಿ ಹರಡದಿದ್ದರೂ ನಿಲ್ಲುತ್ತದೆ.

ಯಂತ್ರದ ಕಡೆಗೂ ಸ್ವಲ್ಪ ಗಮನ ಬೇಕು. ಸವೆದ ಮೂತಿಯಿಂದ ದೊಡ್ಡ ಹನಿಗಳು ಬರುತ್ತವೆ, ದ್ರಾವಣವೂ ಹೆಚ್ಚು ಖರ್ಚಾಗುತ್ತದೆ. ಮೂತಿ ಸವೆದಿದೆಯೇ ಎಂದು ತಿಳಿಯಲು ಒಂದು ನಿಮಿಷಕ್ಕೆ ಬೀಳುವ ನೀರನ್ನು ಹೊಸ ಮೂತಿಯದರೊಡನೆ ಅಳೆದು ಹೋಲಿಸಬೇಕು. ಕೀಟ ಮತ್ತು ರೋಗಗಳಿಗೆ ಶಂಕುವಿನಾಕಾರದ ಟೊಳ್ಳು ಸಿಂಪರಣೆಯ ಮೂತಿ ಸೂಕ್ತ. ವಜ್ರ ಬೆನ್ನಿನ ಪತಂಗದ ಹುಳುಗಳು ಹೆಚ್ಚಾಗಿ ಎಲೆಯ ಅಡಿಯಲ್ಲಿರುವುದರಿಂದ ಮೂತಿಯನ್ನು ಕೆಳಗಿನಿಂದ ಮೇಲಕ್ಕೆ ತಿರುಗಿಸಿ ಹಿಡಿಯಬೇಕು. ಈರುಳ್ಳಿಯ ನೆಟ್ಟನೆಯ ಕೊಳವೆ ಎಲೆಗೆ ಮೇಲಿನಿಂದ ಸಿಂಪಡಿಸಿದರೆ ಹನಿ ಓರೆಯಾಗಿ ತಾಗಿ ಜಾರುತ್ತದೆ, ಪಕ್ಕದಿಂದ ಸಿಂಪಡಿಸಿದರೆ ಹೆಚ್ಚು ನಿಲ್ಲುತ್ತದೆ. ಜಾರಿದ ದ್ರಾವಣದಲ್ಲಿ ಒಂದು ಪಾಲು ಎಲೆಗಳ ಸಂದಿಗೆ ಇಳಿಯುವುದರಿಂದ, ಅಲ್ಲಿಯೇ ಅಡಗಿರುವ ಥ್ರಿಪ್ಸ್ ನುಸಿಗೆ ಅದು ತಾಗುವುದೂ ಉಂಟು. ಆದರೆ ನೇರಳೆ ಮಚ್ಚೆ ರೋಗಕ್ಕೆ ಸಿಂಪಡಿಸುವಾಗ ಎಲೆಯ ಮೈ ಪೂರ್ತಿ ಹೊದಿಕೆಯಾಗಬೇಕು, ಅಲ್ಲಿ ಜಾರುವಿಕೆ ಶುದ್ಧ ನಷ್ಟ.

ಎಲೆಯಿಂದ ತೊಟ್ಟಿಕ್ಕುವವರೆಗೆ ಸಿಂಪಡಿಸಬೇಕೆಂಬುದು ಹಳೆಯ ಮಾತು. ಮೇಣದ ಎಲೆಗಳಿಗೆ ಅದು ಒಪ್ಪುವುದಿಲ್ಲವೆಂದು ನನ್ನ ಅಭಿಪ್ರಾಯ. ನಿಂತ ಹನಿಗಳು ಒಂದಕ್ಕೊಂದು ತಾಗಿ ದೊಡ್ಡದಾದವೆಂದರೆ ಎಲ್ಲವೂ ಒಟ್ಟಿಗೆ ಉರುಳುತ್ತವೆ, ಮೊದಲು ನಿಂತಿದ್ದೂ ಅದರೊಡನೆ ಹೋಗುತ್ತದೆ. ಹನಿಗಳು ಒತ್ತಾಗಿ ಕೂತು, ಕೂಡಿಕೊಳ್ಳುವ ಮುನ್ನ ಮುಂದಿನ ಗಿಡಕ್ಕೆ ಸಾಗಬೇಕು.

ಇಬ್ಬನಿ ಇರುವಾಗ ಸಿಂಪಡಿಸಬಾರದೆಂಬುದಕ್ಕೂ ಕಾರಣ ಇದೇ. ಆಗಲೇ ಕುಳಿತಿರುವ ಇಬ್ಬನಿಯ ಹನಿಗಳೊಡನೆ ಔಷಧಿಯ ಹನಿಗಳು ಕೂಡಿ ಉರುಳಿಬಿಡುತ್ತವೆ. ಹಿಂದೆ ಪುಡಿ ಔಷಧಿಗಳನ್ನು ಧೂಳಿಸುತ್ತಿದ್ದ ಕಾಲದಲ್ಲಿ, ಪುಡಿ ಅಂಟಲೆಂದು, ಬೆಳಗಿನ ಇಬ್ಬನಿಯಲ್ಲಿಯೇ ಧೂಳಿಸಿ ಎಂದು ಹೇಳುತ್ತಿದ್ದರು. ಆ ಮಾತನ್ನು ನೆನಪಿಟ್ಟುಕೊಂಡ ಕೆಲವು ಹಿರಿಯರು ಇಂದು ದ್ರಾವಣವನ್ನೂ ಇಬ್ಬನಿಯಲ್ಲಿಯೇ ಸಿಂಪಡಿಸುವುದನ್ನು ಕಾಣುತ್ತೇವೆ. ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು ಸಿಗುವ ಎರಡು ಗಂಟೆ, ಇಲ್ಲವೇ ಸಂಜೆ ಗಾಳಿ ತಗ್ಗಿದ ಮೇಲಿನ ಹೊತ್ತು ಸಿಂಪರಣೆಗೆ ಸೂಕ್ತ. ಸಿಂಪಡಿಸಿ ಅರ್ಧ ಗಂಟೆಯ ನಂತರ ಸಾಲಿನ ನಡುವೆ ಕುಳಿತು ಎಲೆಯನ್ನೂ ಅದರ ಕೆಳಗಿನ ಮಣ್ಣನ್ನೂ ಮತ್ತೊಮ್ಮೆ ನೋಡಿರಿ.